ಜರ್ಮನ್ ಆಂಟಿಯ ಜಡೆ ಬ್ರೆಡ್

ದೋಹಾದ ಅಬು ಹಮೂರಿನ ನಮ್ಮ ಕಾಂಪೌಂಡಿನಲ್ಲಿ ಪಕ್ಕದ ವಿಲ್ಲಾದವರು ಜರ್ಮನಿಯವರು. ಗಂಡ ಇಲ್ಲಿನ ಹಮದ್ ಬಂದರಿನಲ್ಲಿ ಎಂಜಿನಿಯರ್. ಹೆಂಡತಿಗೆ ಅರುವತ್ತು ದಾಟಿದೆ. ನಾನು ಅವರನ್ನು ಆಂಟಿ ಎಂದೇ ಕರೆಯುವುದು. ಈಸ್ಟರ್ ಹತ್ತಿರ ಬಂದಾಗ ಅವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಅದಾದ ಮೇಲೆ ಒಂದು ಸಂಜೆ ನಾನು ಮೆಟ್ಟಿಲ ಮೇಲೆ ಕುಳಿತು ಮಗಳಿಗೆ ಜಡೆ ಹಾಕುತ್ತಿದ್ದೆ. ಆಂಟಿ ಬಂದು ನಿಂತು ನೋಡಿದರು.

“ನಿನಗೆ ಹೆಣೆಯಲಿಕ್ಕೆ ಬರುತ್ತದೆ. ನನ್ನ ಬ್ರೆಡ್ ನೀನೇ ಮಾಡಿಕೊಡಬೇಕು,” ಎಂದರು ಇಂಗ್ಲಿಷಿನಲ್ಲಿ.

ಈಸ್ಟರಿಗೆ ಅವರ ಊರಲ್ಲಿ ಮಾಡುವ ಸಿಹಿ ಬ್ರೆಡ್ ಅದು. ಮೈದಾ, ಹಾಲು, ಬೆಣ್ಣೆ, ಮೊಟ್ಟೆ, ಒಣದ್ರಾಕ್ಷಿ. ಹಿಟ್ಟನ್ನು ಮೂರು ಎಳೆ ಮಾಡಿ ಜಡೆಯಂತೆ ಹೆಣೆಯಬೇಕು. ತಮ್ಮ ಮಗಳು ಜರ್ಮನಿಯಿಂದ ಶನಿವಾರ ಬರುತ್ತಾಳೆ, ಎರಡು ವರ್ಷವಾಯಿತು ನೋಡದೆ, ಚಿಕ್ಕಂದಿನಲ್ಲಿ ಅವಳಿಗೆ ಇದೆಂದರೆ ಪ್ರಾಣ ಎಂದರು. ಹೇಗೆ ಆಗುವುದಿಲ್ಲ ಎನ್ನುವುದು?

“ನಿನಗೆ ಎಂತ ಮರ್ಲಾ ಮಾರಾಯ್ತಿ? ಕೇಕ್ ಸಹ ಅಂಗಡಿಯಿಂದ ತರುವವಳು ನೀನು,” ಎಂದರು ನನ್ನ ಗಂಡ.

ಶನಿವಾರ ಬೆಳಿಗ್ಗೆಯೇ ಆಂಟಿಯ ಅಡುಗೆಮನೆ ಸೇರಿದೆ. ಮೊದಲ ಸಲ ಹಾಲು ತುಸು ಬಿಸಿ ಹೆಚ್ಚಾಗಿ ಯೀಸ್ಟ್ ಸತ್ತಿತು. ಹಿಟ್ಟು ಕಲ್ಲಿನಂತೆ ಕುಳಿತಲ್ಲೇ ಕುಳಿತಿತು. ಎರಡನೆಯ ಸಲ, ಏಸಿಯ ತಂಪಿಗೆ ಉಬ್ಬಲಾರದು ಎಂದು ನಾನೇ ಪಾತ್ರೆಯನ್ನು ಹೊರಗಿಟ್ಟೆ. ದೋಹಾದ ಬಿಸಿಲು ಕೇಳಬೇಕೆ? ನೋಡುವಷ್ಟರಲ್ಲಿ ಹಿಟ್ಟು ಉಕ್ಕಿ ಪಾತ್ರೆಯ ಹೊರಗೆ ಇಳಿದಿತ್ತು, ಹಳಸಿದ ದೋಸೆ ಹಿಟ್ಟಿನ ವಾಸನೆ ಬೇರೆ. ಆಂಟಿ ಕುರ್ಚಿಯಲ್ಲಿ ಕುಳಿತು ಎಡಗೈ ಬೆರಳು ತೋರಿಸುತ್ತಲೇ ಇದ್ದರು.

“ಹಾಗಲ್ಲ. ಇನ್ನೂ ನಾದು. ಹಾಗಲ್ಲ.”

ಮೂರನೆಯ ಸಲ ಹಿಟ್ಟು ಚೆನ್ನಾಗಿ ಉಬ್ಬಿತು. ಹೆಣೆದೆ. ಬಿಗಿಯಾಯಿತು, ಬಿಚ್ಚು ಎಂದರು. ಬಿಚ್ಚಿ ಹೆಣೆದೆ. ಈಗ ಸಡಿಲವಾಯಿತು ಎಂದರು. ನನ್ನ ತೋಳು ಸೋತು ಹೋಗಿತ್ತು.

“ಖಲಾಸ್ ಆಂಟಿ! ಇನ್ನು ಬಿಚ್ಚುವುದಿಲ್ಲ,” ಎಂದು ಜೋರಾಗಿಯೇ ಹೇಳಿ ಟ್ರೇಯನ್ನು ಓವನ್ನಿಗೆ ತಳ್ಳಿದೆ.

ಒಂದು ತುದಿ ಬಿರಿದದ್ದು ಬಿಟ್ಟರೆ ಬ್ರೆಡ್ ಚೆಂದವೇ ಬಂದಿತ್ತು, ಹೊಂಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿತ್ತು. ಸಂಜೆ ಅಂಕಲ್ ಏರ್‌ಪೋರ್ಟಿನಿಂದ ಮಗಳನ್ನು ಕರೆತಂದರು. ಅಮ್ಮ, ಮಗಳು ಅಪ್ಪಿಕೊಂಡು ಅತ್ತರು. ಆಂಟಿ ಎಡಗೈಯಲ್ಲೇ ಹೇಗೋ ಒಂದು ತುಂಡು ಕತ್ತರಿಸಿ ತಟ್ಟೆಯನ್ನು ಮುಂದಿಟ್ಟರು.

ಮಗಳು ನೋಡಿದಳು. “ಅಮ್ಮಾ, ನಾನು ವೀಗನ್ ಆಗಿದ್ದೇನೆ. ಫೋನಿನಲ್ಲಿ ಹೇಳಿದ್ದೆನಲ್ಲ.”

ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದಳು. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಈ ಹೆಂಗಸು ದಿನವಿಡೀ ನನ್ನನ್ನು ನಾದಿಸಿದರಲ್ಲ!

“ನಿಮಗೆ ಗೊತ್ತಿತ್ತಾ ಆಂಟಿ?”

“ಹಬ್ಬದ ಒಂದು ದಿನ ತಿಂದಾಳು ಅಂದುಕೊಂಡೆ,” ಎಂದರು, ತಟ್ಟೆಯಿಂದ ಕಣ್ಣೆತ್ತದೆ.

ಆಮೇಲೆ ಮಗಳು ತುಂಡಿನೊಳಗಿಂದ ಒಂದು ಒಣದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡಳು. ಆಂಟಿಯ ಮುಖ ಅರಳಿತು. ಎಡಗೈಯ ಉಗುರಿನಿಂದ ದ್ರಾಕ್ಷಿಗಳನ್ನು ಹೆಕ್ಕಿ ಹೆಕ್ಕಿ ಅವಳಿಗೆ ಕೊಡತೊಡಗಿದರು. ನನ್ನ ಜಡೆಯನ್ನು ಕಾಗೆ ಕುಕ್ಕಿದ ಹಾಗೆ ತೂತು ಮಾಡುತ್ತಿರುವುದನ್ನು ನೋಡಿಕೊಂಡು ನಿಂತಿರಲು ನನ್ನಿಂದಾಗಲಿಲ್ಲ. ತಲೆನೋವೆಂದು ಹೇಳಿ ಮನೆಗೆ ಬಂದೆ.

ಮರುದಿನ ಈಸ್ಟರ್. ಇಲ್ಲಿ ಭಾನುವಾರ ಕೆಲಸದ ದಿನ. ಅಂಕಲ್ ಬಂದರಿಗೆ ಹೊರಡುವ ಮೊದಲು ಉಳಿದ ಬ್ರೆಡ್ಡನ್ನು ನಮ್ಮ ಮನೆಗೆ ತಂದುಕೊಟ್ಟರು. ಗಂಡ ಚಹಾಕ್ಕೆ ಅದ್ದಿ ತಿಂದು, “ಬನ್ಸ್‌ನ ಹಾಗೇ ಉಂಟು. ಇಷ್ಟಕ್ಕೆ ಇಡೀ ದಿನವಾ?” ಎಂದರು. ಅವರೊಡನೆ ಆ ದಿನ ಮಾತು ಬಿಟ್ಟೆ.

ತಮ್ಮ ಮಗಳು ಜರ್ಮನಿಗೆ ಹೊರಟ ಮೇಲೆ ಆಂಟಿ ಬೇಲಿಯಾಚೆಯಿಂದ ಕರೆದರು. ತೆಂಗಿನ ಹಾಲು ಹಾಕಿ, ಮೊಟ್ಟೆಯಿಲ್ಲದೆ ಮಾಡಿದರೆ ಹೇಗಾದೀತು ಎಂದು ಕೇಳಿದರು. ತೆಂಗಿನ ಹಾಲು ನಿಮ್ಮವರದ್ದಲ್ಲವಾ, ನಿನಗೇ ಗೊತ್ತಿರಬೇಕು ಎಂದರು.

“ನೋಡುವ ಆಂಟಿ,” ಎಂದೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಈ ಸಲವೂ ಆಗುವುದಿಲ್ಲ ಎನ್ನಲಾಗಲಿಲ್ಲವಲ್ಲ ಎಂದು ಸಿಟ್ಟು ಬಂದದ್ದು ನನ್ನ ಮೇಲೆಯೇ.