ಗೌರಿಯ ಮೌನಕ್ಕೆ ಕಾರಣ

ಶಾಂತವ್ವಾ, ನಿನ್ನ ಮಗಳ ಮಾತನ್ನು ನಿಲ್ಲಿಸಿದ್ದು ಮಗ್ಗದ ಸದ್ದಲ್ಲ — ನಾನು, ನಿನ್ನ ಮಾವ. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗಗಳು ಓಡತೊಡಗಿದರೆ ಪಕ್ಕದವರ ಕೂಗೂ ಕೇಳಿಸದು. ನೀನು ಸೀರೆ ನೇಯುತ್ತಲೇ ಹುಬ್ಬೇರಿಸಿದರೆ ಹಸಿವಾಯಿತೇ ಎಂದು ಕೇಳಿದ್ದು ಗೌರಿಗೆ ತಿಳಿಯುತ್ತಿತ್ತು. ಅವಳು ಕೆನ್ನೆಗೆ ಅಂಗೈ ಆನಿಸಿದರೆ ನೀನು ಎದ್ದು ಹಾಸಿಗೆ ಬಿಡಿಸುತ್ತಿದ್ದೆ. ಮೂರು ವರ್ಷದ ಕೂಸು. ಅರ್ಧ ಮಾತು ತುಟಿಯಲ್ಲಿ, ಅರ್ಧ ಬೆರಳಲ್ಲಿ. ಆ ಸಂಭ್ರಮ ನನ್ನ ಕಣ್ಣಿಗೆ ಅಶಿಸ್ತಾಗಿ ಕಂಡಿತು. ಊರ ಮಕ್ಕಳಿಗೆ ಸ್ತೋತ್ರ ಕಲಿಸುವವನ ಮೊಮ್ಮಗಳು ಹಿರಿಯರೆದುರು ಕೈ ಬೀಸಿ ಮಾತಾಡುವುದೇ? ನೀನು ಮಗ್ಗದಲ್ಲಿದ್ದಾಗಲೆಲ್ಲ ಅವಳನ್ನು ಜಗಲಿಯಲ್ಲಿ ಕೂರಿಸಿ, ತೋಳುಗಳನ್ನು ಎದೆಗೆ ಕಟ್ಟಿಸಿ, ಏನಿದ್ದರೂ ಬಾಯಲ್ಲೇ ಹೇಳು ಎಂದೆ. ಬೆರಳುಗಳು ನಿಂತವು. ಅವುಗಳ ಹಿಂದೆಯೇ ತುಟಿಗಳೂ —

ನೀನು ಅಂಜುತ್ತ ಬಂದು ಕೇಳಿದೆ: “ಮಾವಾರ, ಮಗ್ಗದ ಸಪ್ಪಳಕ್ಕ ನನ್ನ ಕೂಸಿನ ಮಾತು ಹೋತೇನ್ರಿ?”

“ಇರಬಹುದವ್ವಾ” ಎಂದೆ.

ಅಷ್ಟಕ್ಕೇ ನೀನು ಮಗ್ಗ ಬಿಟ್ಟೆ. ನೇಯುವುದೆಂದರೆ ಜೀವ ಬಿಡುತ್ತಿದ್ದವಳು ನೀನು. ಜಮಖಂಡಿಯ ವೈದ್ಯರು ಕಿವಿಯಲ್ಲಿ ಏನೂ ದೋಷವಿಲ್ಲ ಎಂದರೂ ನೀನು ನಂಬಿದ್ದು ನನ್ನನ್ನು.

ಶ್ರಾವಣದ ಒಂದು ಮುಂಜಾವು ನಾನು ಲಿಂಗಪೂಜೆಗೆ ಕುಳಿತಿದ್ದೆ. ಪೂಜೆ ಮುಗಿಯುವವರೆಗೆ ನನ್ನದು ಮೌನ. ನೀನು ನೀರು ತರಲು ಹೋಗಿದ್ದೆ. ತಟ್ಟೆಯಲ್ಲಿ ಮೂರೆಲೆಯ ಬಿಲ್ವಪತ್ರೆ ಇರಲಿಲ್ಲ. ಮೂರು ಬೆರಳು ಎತ್ತಿ ನಿನ್ನ ಗಂಡನಿಗೆ ತೋರಿಸಿದೆ. ಆ ಮಹಾರಾಯ ಮೂರು ಬಾಳೆಹಣ್ಣು ತಂದ. ಅಲ್ಲವೆಂದು ತಲೆಯಾಡಿಸಿದೆ, ಇನ್ನೂ ದೊಡ್ಡ ಹಣ್ಣು ಹುಡುಕಲು ಒಳಗೆ ಹೋದ. ನಾನು ಹಾಕಿದ ರೂಢಿಯಂತೆ ಕಂಬದ ಬಳಿ ಕೈಕಟ್ಟಿ ಕುಳಿತಿದ್ದ ಗೌರಿ ಎದ್ದು ಹಿತ್ತಲಿಗೆ ಓಡಿ, ಪತ್ರೆ ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟಳು. ನಂತರ, ಎಷ್ಟೋ ತಿಂಗಳ ಮೇಲೆ, ಸ್ಪಷ್ಟವಾಗಿ —

“ಅಜ್ಜಾ, ನೀನೂ ಕೈಲೆ ಮಾತಾಡ್ತಿ. ನೀನೂ ಕೈ ಕಟ್ಕೊಂಡ ಕೂಡು.”

ಪೂಜೆಯ ನಡುವೆ ನಕ್ಕುಬಿಟ್ಟೆ, ಕಣ್ಣಲ್ಲಿ ನೀರು ಬರುವಷ್ಟು. ನನ್ನ ಶಿವನೂ ನಕ್ಕಿರಬೇಕು. ಪರಮಾತ್ಮನೆದುರು ನನಗೆ ಒಪ್ಪುವ ಭಾಷೆ ನನ್ನೆದುರು ಮಗುವಿಗೆ ಒಪ್ಪದೆಂದು ನನಗೆ ಹೇಳಿದವರಾರು? ಅಂದೇ ಅವಳ ಕೈಗಳನ್ನು ಅವಳಿಗೆ ಬಿಟ್ಟೆ. ವಾರ ಕಳೆಯುವುದರೊಳಗೆ ಅವಳ ಮಾತಿಗೆ ತಡೆಯೇ ಇರಲಿಲ್ಲ. ಬೆಕ್ಕು ಹಾಲು ಕುಡಿದ ಸುದ್ದಿಗೂ ಹತ್ತು ಬೆರಳು, ಎರಡು ಕಣ್ಣು, ಒಂದು ಕುಣಿತ.

ಮನೆಯಲ್ಲಿ ಹೋಳಿಗೆಯ ಊಟವಾಯಿತು. ನೀನು ನನ್ನ ಪಾದ ಮುಟ್ಟಿ, ಇದು ನಿಮ್ಮ ಪೂಜೆಯ ಫಲ ಎಂದೆ. ಆಗಲಾದರೂ ಹೇಳಬೇಕಿತ್ತು… ತಲೆಯ ಮೇಲೆ ಕೈಯಿಟ್ಟು ಹರಸಿದೆ. ಮೊದಲ ಸುಳ್ಳಿಗಿಂತ ಆ ಹರಕೆಯೇ ದೊಡ್ಡ ಪಾಪ.

ಗೌರಿ ಈಗ ಹೈಸ್ಕೂಲಿನ ಹುಡುಗಿ. ಅವಳು ಕತೆ ಹೇಳಲು ನಿಂತರೆ ಓಣಿಯ ಚಿಕ್ಕ ಮಕ್ಕಳು ಅವಳ ಮುಖದಿಂದ ಕಣ್ಣು ಕೀಳುವುದಿಲ್ಲ. ನಾನೂ ಅವರ ನಡುವೆ ಕುಳಿತು ಹಿಗ್ಗುತ್ತೇನೆ. ನೀನು ಮಾತ್ರ ಮಗ್ಗದ ಕೋಣೆಗೆ ಇನ್ನೂ ಕಾಲಿಟ್ಟಿಲ್ಲ.

ನಾಳೆ ಎಲ್ಲರೂ ಊಟಕ್ಕೆ ಕೂತಾಗ ಈ ಪತ್ರವನ್ನು ನಾನೇ ಓದುತ್ತೇನೆ. ನಿನ್ನ ತಲೆಯ ಮೇಲೆ ನಾನು ಹೊರಿಸಿದ ತಪ್ಪು ನನ್ನದೆಂದು ಮಗ, ಮೊಮ್ಮಗಳು ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ನೀನು ಬಾಯಲ್ಲಿ ಉತ್ತರಿಸಲೂ ಬೇಕಿಲ್ಲ, ತಾಯಿ — ಓದಿ ಮುಗಿಸಿ, ತಲೆಯೆತ್ತಿ, ನಿನ್ನ ಮುಖವನ್ನು ನೋಡುತ್ತೇನೆ.