ಅಕ್ಕ ತೆಗೆಯದ ಅಧ್ಯಾಯ

ನಮ್ಮಕ್ಕ ಆರು ವರ್ಷದಿಂದ ಯೀಸ್ಟ್ ಸಾಕುತ್ತಿದ್ದಾಳೆ. ಹಾಗಂದರೆ ಅವಳಿಗೆ ಮೈಯುರಿಯುತ್ತದೆ. ಅವಳು ಮಾಡುವುದು ಸಂಶೋಧನೆ. ಯೀಸ್ಟಿನ ಜೀನುಗಳು ಯಾವಾಗ ಕೆಲಸ ಶುರುಮಾಡುತ್ತವೆ, ಯಾವಾಗ ಸುಮ್ಮನಾಗುತ್ತವೆ ಎಂದು ನೋಡುವುದು. "ಬ್ರೆಡ್ಡು ಉಬ್ಬಿಸೋಕೆ ಇಷ್ಟು ಓದ್ಬೇಕಾ?" ಎಂದು ಚಿಕ್ಕಪ್ಪ ಕೇಳಿದಾಗ, "ನಿಮ್ಮ ತಲೆಗೆ ಇಳಿಸೋಕೆ ಇನ್ನೂ ಜಾಸ್ತಿ ಓದ್ಬೇಕು" ಎಂದಿದ್ದಳು. ಬಾಯಿ ಅಂಥದ್ದು.

ಅವಳ ಗೈಡು ದೊಡ್ಡ ಮನುಷ್ಯರು. ಅವರಿಗೆ ಹೆಸರು ತಂದದ್ದು ಒಂದೇ ಮಾತು: ಗ್ಯಾಲಕ್ಟೋಸ್ ಎಂಬ ಸಕ್ಕರೆ ಕೊಟ್ಟರೆ ಅದನ್ನು ಅರಗಿಸುವ ಜೀನು ಕೂಡಲೇ ಏಳುವುದಿಲ್ಲ, ಮೂರು ಗಂಟೆ ಮೀನಮೇಷ ಎಣಿಸುತ್ತದೆ. ಅಕ್ಕನೂ ಐದು ವರ್ಷ ಅದನ್ನೇ ಅಳೆದಳು. ಹೋದ ವರ್ಷ ಆ ಸಕ್ಕರೆಯ ಬಾಟಲಿ ಖಾಲಿಯಾಗಿ, ಪಕ್ಕದ ಲ್ಯಾಬಿನಿಂದ ಶುದ್ಧ ಗ್ಯಾಲಕ್ಟೋಸ್ ಕಡ ತಂದಳು. ಜೀನು ಅರ್ಧ ಗಂಟೆಗೇ ಎದ್ದು ಕೂತಿತು. ಹತ್ತು ಸಲ ಮಾಡಿದಳು, ಹತ್ತು ಸಲವೂ ಹಾಗೆಯೇ.

ಇವರ ಲ್ಯಾಬು ವರ್ಷಗಟ್ಟಲೆ ತರಿಸುತ್ತಿದ್ದ ಅಗ್ಗದ ಮಾಲಿನಲ್ಲಿ ಚೂರು ಗ್ಲೂಕೋಸ್ ಬೆರೆತಿತ್ತು. ಗ್ಲೂಕೋಸ್ ಇರುವ ತನಕ ಯೀಸ್ಟ್ ಇನ್ನೊಂದು ಸಕ್ಕರೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆ ಮೂರು ಗಂಟೆ ಗ್ಲೂಕೋಸ್ ತಿಂದು ಮುಗಿಸುವ ಹೊತ್ತು, ಇಷ್ಟೇ ಸಂಗತಿ. ಇದನ್ನು ಅಕ್ಕ ಥೀಸಿಸ್ಸಿನ ಕೊನೆಯ ಅಧ್ಯಾಯ ಮಾಡಿದಳು. ಗೈಡು ಬಾಗಿಲು ಹಾಕಿಸಿ ಕೂರಿಸಿಕೊಂಡರು.

"ಅದೊಂದು ಅಧ್ಯಾಯ ತೆಗೀಮ್ಮ. ನಾಳೆನೇ ಸಹಿ ಹಾಕ್ತೀನಿ."

"ತೆಗೆದ್ರೆ ಉಳಿದ ನಾಲ್ಕೂ ಸುಳ್ಳಾಗ್ತವೆ ಸರ್."

"ನೀನೂ ಅದೇ ಬಾಟಲಿ ಬಳಸಿದೀಯ, ಮರೀಬೇಡ."

"ಮರೆತಿಲ್ಲ. ಮೊದಲನೇ ಸಾಲಲ್ಲೇ ಬರ್ದಿದೀನಿ, ಓದಿ."

ಸಹಿ ಬೀಳಲಿಲ್ಲ. ಸಹಿಯಿಲ್ಲದೆ ಡಾಕ್ಟರೇಟ್ ಇಲ್ಲ. ಬೇರೆ ಗೈಡಿನ ಹತ್ತಿರ ಹೋದರೆ ಇನ್ನೆರಡು ವರ್ಷ. ಮನೆಯಲ್ಲಿ ಅಮ್ಮ ಮಾತು ಬಿಟ್ಟಳು. ನಾನೂ ಜಾಣತನ ತೋರಿಸಿದೆ.

"ಈಗ ತಗ್ಗಿ ಬಗ್ಗಿ ಸಹಿ ಹಾಕಿಸ್ಕೋ. ನಿಜ ಆಮೇಲೆ ಬರೀಬಹುದಲ್ಲ ಅಕ್ಕ?"

"ಆಮೇಲೆ ಅಂದ್ರೆ ಯಾವಾಗ? ನಂಗೂ ಅವರಷ್ಟು ಹೆಸರು ಬಂದ್ಮೇಲಾ?"

ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಮರುದಿನ ಅವಳು ಗೈಡು ಬದಲಾಯಿಸುವ ಅರ್ಜಿ ತುಂಬಿದಳು. ಅದಕ್ಕೆ ಹಳೆಯ ಗೈಡಿನ ಒಪ್ಪಿಗೆಯೂ ಬೇಕಂತೆ. ನೇರ ಅವರ ಕೋಣೆಗೆ ಹೋಗಿ, ಅರ್ಜಿ ಮೇಜಿನ ಮೇಲಿಟ್ಟು, ಕೂತ್ಕೋ ಎಂದರೂ ಕೂರದೆ ನಿಂತಳು. ಅವರು ಫೋನು ನೋಡಿದರು, ಕಿಟಕಿ ನೋಡಿದರು. ಇವಳು ಜಗ್ಗಲಿಲ್ಲ. ಕೊನೆಗೆ ಪೆನ್ನು ತೆಗೆದರು.

ಆರು ವರ್ಷದಲ್ಲಿ ಅವರಿಂದ ಅಕ್ಕನಿಗೆ ಸಿಕ್ಕಿದ್ದು ಆ ಒಂದೇ ಸಹಿ.