ಕಡಗ ಏರದ ಕಾಲು

ಗಾವಡಗೆರೆ ಹೋಬಳಿಯ ಆ ಹಳ್ಳಿಯಲ್ಲಿ, ತಂಗಿಯ ಮನೆಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಒಂದು ಚಪ್ಪರವಿದೆ. ಆ ಮಧ್ಯಾಹ್ನ ಅದರಡಿ ಇದ್ದವರು ತಂಗಿ, ಅವಳ ಅತ್ತೆ, ಅತ್ತೆಯ ಮಡಿಲಲ್ಲಿ ಇನ್ನೂ ವರ್ಷ ತುಂಬದ ಹೆಣ್ಣುಮಗು, ಆಗಷ್ಟೇ ಬೈಕಿನಿಂದ ಇಳಿದ ನಾನು. ತಂಗಿಯ ಗಂಡ ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತಿದ್ದ. ಹೊಗೆಸೊಪ್ಪು ಒಳಗೆ ಹೋದ ಮೇಲೆ ಅದು ಒಣಗುವವರೆಗೂ ಉರಿ ಬಿಡುವಂತಿಲ್ಲ. ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಡಿಮೆಯಾದರೆ ಕೆಡುತ್ತದೆ. ವರ್ಷದ ದುಡಿಮೆ ಅದರಲ್ಲೇ.

ನಮ್ಮದು ಕೆ.ಆರ್. ನಗರದ ಕಡೆಯ ನಾಲೆ ಊರು. ಭತ್ತ ಬೆಳೆಯುವವರಿಗೆ ಈ ಬೆಂಕಿಯ ಕಾಟ ಗೊತ್ತಿಲ್ಲ. ಬಾಣಂತನ ಮುಗಿಸಿ ತಂಗಿಯನ್ನು ಕಳಿಸಿಕೊಟ್ಟ ಮೇಲೆ ನಾನು ಮಗುವನ್ನು ನೋಡಿರಲಿಲ್ಲ. ಸೋದರಮಾವ ಬರಿಗೈಲಿ ಹೋಗಬಾರದೆಂದು ನಮ್ಮವ್ವ ಬೆಳ್ಳಿಯ ಕಾಲ್ಕಡಗ ಮಾಡಿಸಿ ಕೊಟ್ಟಿದ್ದಳು. ಬೆಳೆಯುವ ಮಗುವೆಂದು ಸಡಿಲವಾಗಿಯೇ ಮಾಡಿಸಿದ್ದಳು. ಆದರೂ ಕಡಗ ಪಾದ ದಾಟಿ ಏರಲಿಲ್ಲ.

"ನೋಡಪ್ಪ, ಎಂಗ್ ತುಂಬ್ಕಂಡವ್ಳೆ ನಿನ್ ಸೊಸೆ" ಎಂದರು ಅತ್ತೆ. "ನಿಮ್ಮೂರಲ್ಲಿದ್ದಾಗ ಕಡ್ಡಿ ಅಂಗಿದ್ಲು. ನಮ್ಮನೆ ಗಾಳಿ ಮೈಗಿಡೀತು ಕಣ್ ಬುಡು. ನಿಮ್ಮವ್ವಂಗೆ ಯೋಳು, ಅಳತೆ ಸರ್ಯಾಗಿ ಕೊಡ್ಲಿ."

"ಮುಂದಿನ್ ಸಲ ನಮ್ಮವ್ವನ್ನೇ ಕಳಿಸ್ತೀನಿ ಅತ್ತೆ, ಅಳತೆ ನೀವೇ ಕೊಡಿ" ಎಂದೆ. ಎಲ್ಲರೂ ನಕ್ಕೆವು.

ಮಗು ಮಾತ್ರ ನಗಲಿಲ್ಲ. ಕಡಗ ಆಡಿಸಿದರೆ ಕಣ್ಣು ಅತ್ತ ತಿರುಗಲಿಲ್ಲ. ಪಾದ ಅಷ್ಟು ದಪ್ಪ, ತೋಳು ಮಾತ್ರ ನನ್ನ ಹೆಬ್ಬೆರಳಿನ ಗಾತ್ರ. "ಗಲಾಟೇನೇ ಇಲ್ಲ, ಮಲಗ್ಸಿದ್ ಕಡೆ ಮಲಗ್ತಾಳೆ" ಎಂದರು ಅತ್ತೆ, ಹೊಗಳಿಕೆಯಾಗಿ.

"ಹಾಲು ಕೊಡ್ತಿದ್ದೀಯೇನವ್ವಾ?" ಎಂದು ತಂಗಿಯನ್ನು ಕೇಳಿದೆ.

ಮುಂದಿನ ಬ್ಯಾರನ್ನಿಗೆ ಏರಿಸಲು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದವಳು ಕೈ ತೋರಿಸಿದಳು. ಮೊಣಕೈವರೆಗೆ ಕಪ್ಪು ಅಂಟು. "ಈ ಕೈಲಿ ಎಂಗ್ ಮುಟ್ಲಿ ಅಣ್ಣಯ್ಯ? ಸೊಪ್ಪಿನ ಘಾಟು ಹಾಲ್ಗೂ ಇಳೀತದಂತೆ."

ಆ ಮನೆಯಲ್ಲಿ ಅದು ಹಿಂದಿನಿಂದ ಬಂದ ಕಟ್ಟುಪಾಡು. ಎಂದೋ ಅಂಟು ನೆಕ್ಕಿದ ಮಗುವೊಂದು ವಾಂತಿ ಮಾಡಿ ಸೊರಗಿತಂತೆ. ಅಲ್ಲಿಂದ ಸೊಪ್ಪು ಕಟ್ಟುವವಳು ಮೊಲೆಯೂಡಿಸಬಾರದು. ಅಂಟಿನ ಕೈಯಿಂದ ಮಗುವನ್ನು ದೂರ ಇಟ್ಟಿದ್ದು ತಪ್ಪಲ್ಲ. ಆದರೆ ಸೊಪ್ಪಿನ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ತಂಗಿಯ ಎದೆಯಲ್ಲಿ ಹಾಲು ಬತ್ತುತ್ತ ಬಂದಿತ್ತು. ಅತ್ತೆ ಟೀಯಲ್ಲಿ ಅದ್ದಿದ ಬಿಸ್ಕತ್ತು, ಗಂಜಿಯ ತಿಳಿ ಕೊಟ್ಟು ಸಾಕುತ್ತಿದ್ದರು. ಹೊತ್ತುಹೊತ್ತಿಗೆ, ತಾಳ್ಮೆಯಿಂದ, ತಾವು ಉಣ್ಣುವ ಮೊದಲು.

ಅಷ್ಟರಲ್ಲಿ ಅಂಗನವಾಡಿ ಟೀಚರ್ ಬಂದರು. "ತೂಕಕ್ಕೆ ಯಾಕಜ್ಜಿ ಕರ್ಕಂಡ್ ಬರ್ಲಿಲ್ಲ?"

"ತುಂಬ್ಕಂಡಿರೋ ಮಗೀನ ತಕ್ಕಡಿಗಾಕಿ ದೃಷ್ಟಿ ಮಾಡ್ಸನಾ?"

ಟೀಚರ್ ಕುಕ್ಕರಗಾಲಲ್ಲಿ ಕೂತರು. ಎರಡೂ ಪಾದಗಳ ಮೇಲೆ ಹೆಬ್ಬೆರಳು ಒತ್ತಿ, ತುಸು ಹೊತ್ತು ಹಿಡಿದು, ಎತ್ತಿದರು. ಒತ್ತಿದ ಕಡೆ ಕಲಸಿದ ಹಿಟ್ಟಿನಲ್ಲಿ ಬಿದ್ದಂತೆ ಗುಳಿ. ಅದು ಮೇಲೇಳುತ್ತದೆಂದು ನಾವೆಲ್ಲ ನೋಡುತ್ತ ಕೂತೆವು. ಏಳಲಿಲ್ಲ. ತೋಳಿಗೆ ಸುತ್ತಿದ ಅಳತೆಪಟ್ಟಿ ಅಪಾಯ ತೋರುವ ಕೆಂಪು ಬಣ್ಣದಲ್ಲಿ ನಿಂತಿತು.

"ಇದು ಮೈ ಅಲ್ಲ ಅಜ್ಜಿ. ನೀರು. ಒಟ್ಟೆಗಿಲ್ದೆ ಬರೋ ಊತ. ಈಗ್ಲೇ ಹುಣಸೂರಿನ ಆಸ್ಪತ್ರೆಗೆ ಹೊರಡಿ. ತಾಯಿ ಜೊತೇಲಿದ್ದು ಎರಡು ವಾರನಾದ್ರೂ ಇರ್ಬೇಕಾಯ್ತದೆ."

ಒಲೆಯ ಹತ್ತಿರದಿಂದ ತಂಗಿಯ ಗಂಡ ಎದ್ದು ಬಂದ. "ಬ್ಯಾರನ್ ಸೊಪ್ಪು ಇಳ್ಸಿ ಹೋದ್ರೆ ಆಗಲ್ವಾ ಟೀಚರೇ? ಮೂರ್ ದಿನ."

"ಕಾಯ್ತಾಳಾ ಅಂತ ಅವಳ್ನೇ ಕೇಳಪ್ಪ."

ಒಲೆಯಲ್ಲಿ ಸೌದೆ ಸಿಡಿಯಿತು. ಅವನು ಅತ್ತ ನೋಡಿದ, ಮಗುವನ್ನು ನೋಡಿದ, ಮತ್ತೆ ಅತ್ತ ನೋಡಿದ. ಆ ನೋಟಕ್ಕೆ ನನಗೆ ಸಿಟ್ಟೂ ಬಂತು, ಮರುಕವೂ ಆಯಿತು.

ತಂಗಿ ಕೈಲಿದ್ದ ಕಡ್ಡಿಯನ್ನು ನೆಲಕ್ಕಿಟ್ಟು, ಸೋಪು ಹುಡುಕಲು ಬಚ್ಚಲಿಗೆ ನಡೆದಳು. ಅವಳು ಕೈ ಉಜ್ಜುವ ಸದ್ದು ಕೇಳುತ್ತಿತ್ತು.

"ನನ್ ಬೈಕ್ ತಕಂಡು ತಾಯಿ ಮಗು ಇಬ್ರನ್ನೂ ಕರ್ಕಂಡ್ ಹೋಗು" ಎಂದೆ ಅವನಿಗೆ. "ಉರಿ ನಾನ್ ನೋಡ್ಕತೀನಿ."

"ನಿಮ್ಗೆ ಗದ್ದೆಗೆ ನೀರು ಕಟ್ಟೋದ್ ಗೊತ್ತು ಭಾವ. ಬೆಂಕಿ ಗೊತ್ತಾ?"

"ನಂಗೊತ್ತು ಹೋಗ್ಲಾ" ಎಂದರು ಅತ್ತೆ. ಮಗುವಿನ ಪಾದದಿಂದ ಅವರು ಇನ್ನೂ ಕಣ್ಣು ತೆಗೆದಿರಲಿಲ್ಲ. "ನೀನುಟ್ಟಕ್ ಮೊದ್ಲಿಂದ ಬೆಂಕಿ ಕಾದಿವ್ನಿ. ಹೋಗು."

ಅವರು ಹೊರಟರು. ನಾನು ಸೌದೆ ನೂಕಿದೆ, ಅತ್ತೆ ಬಯ್ದು ಸರಿಮಾಡಿದರು. ಸಂಜೆ ಆಸ್ಪತ್ರೆಯಿಂದ ತಂಗಿಯ ಗಂಡನ ಫೋನ್ ಬಂತು. ಮಗುವಿನ ಮೈ ತಣ್ಣಗಾಗಿತ್ತಂತೆ, ತಡವಾಗಿದ್ದರೆ ಕಷ್ಟವಿತ್ತಂತೆ, ಚಮಚ ಚಮಚವಾಗಿ ಹಾಲು ಕುಡಿಸುತ್ತಿದ್ದಾರಂತೆ. ಇವತ್ತಿನ ಮಟ್ಟಿಗೆ ಏನೂ ಹೇಳಲಾಗದು ಎಂದಿದ್ದಾರಂತೆ. ಅತ್ತೆ ಕೇಳಿಸಿಕೊಂಡು ಒಲೆಯ ಮುಂದೆಯೇ ಕೂತರು. ಊಟಕ್ಕೆ ಏಳಲಿಲ್ಲ.

ಬ್ಯಾರನ್ ಇಳಿಸಿದ ಮರುದಿನ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದೆ. ಊತ ಬಹುಪಾಲು ಇಳಿದಿತ್ತು. ಹಾಸಿಗೆಯ ಮೇಲೆ ಎಲುಬು ಎಣಿಸಬಹುದಾದ ಮಗು.

"ಅಯ್ಯೋ, ಒಣಗ್ಸಿಬುಟ್ರಲ್ಲ ನನ್ ಕೂಸ್ನ" ಎಂದು ಅತ್ತೆ ದಾದಿಯ ಮೇಲೆ ಏರಿಹೋದರು.

"ನಿಮ್ ಕೂಸು ಇರೋದೇ ಇಷ್ಟು ಅಜ್ಜಿ" ಎಂದಳು ಆಕೆ ಮೆತ್ತಗೆ. "ಇನ್ಮೇಲೆ ನಿಜವಾಗ್ಲೂ ತುಂಬ್ಕಳ್ತಾಳೆ, ನೋಡ್ತಿರಿ."

ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಕೇಳಿದರು: "ಇಷ್ಟ್ ದಿನ ನಾನ್ ಎತ್ತಾಡ್ಸಿದ್ದು ಬರೀ ನೀರ್ನೇನಪ್ಪ?"

ಬಸ್ಸು ಬಂತು, ಹತ್ತಿದೆವು.

ಮಗು ಉಳಿಯಿತು. ಆಸ್ಪತ್ರೆಯಲ್ಲಿ ದಿನವೂ ಮೊಲೆಯೂಡಿಸುತ್ತ ತಂಗಿಯ ಎದೆಗೂ ಹಾಲು ಮರಳಿತು. ಮನೆಗೆ ಬಂದ ವಾರದಲ್ಲಿ ಮತ್ತೊಂದು ಬ್ಯಾರನ್ ತುಂಬುವ ಕೆಲಸ ಬಿತ್ತು. ತಂಗಿ ಸೊಪ್ಪಿನ ರಾಶಿಯ ಹತ್ತಿರ ಹೋದರೆ ಅತ್ತೆ ಆಗಲೇ ಅಲ್ಲಿ ಕೂತು ಕಡ್ಡಿಗೆ ಕಟ್ಟುತ್ತಿದ್ದರಂತೆ. "ಒಳಿಕ್ ಹೋಗಿ ಹಾಲು ಕುಡ್ಸು ಹೋಗು" ಎಂದು ಕಳಿಸಿದರಂತೆ.